ಉಚಿತ ಟಿಕೆಟಿನ ಬೆಲೆ

ಮೊನ್ನೆ ಸಾಯಂಕಾಲ ಕುಬಟೂರಿನ ಕೈಟಭೇಶ್ವರ ದೇವಾಲಯದ ಮಂಟಪದಲ್ಲಿ ನಾವು ಕುಳಿತಿರಲು, ನಮ್ಮ ಹಳೆಯ ಶಿಷ್ಯನೊಬ್ಬನ ಮಗಳು ಮೊಬೈಲು ಹಿಡಿದು ಓಡಿಬಂದಳು. “ಮೇಷ್ಟ್ರಜ್ಜ, ಬೆಂಗಳೂರಿನ ಸಂಗೀತ ಕಾರ್ಯಕ್ರಮಕ್ಕೆ ನನಗೆ ಎರಡು ಉಚಿತ ಟಿಕೆಟು ಬಂದಿವೆಯಂತೆ. 499 ರೂಪಾಯಿ ಕಳುಹಿಸಿದರೆ ಸಾಕಂತೆ!” ಎಂದಳು.

“ಇದಕ್ಕೆ ನೀನು ಹೆಸರು ಕೊಟ್ಟಿದ್ದೆಯೇನಮ್ಮ?” ಎಂದು ಕೇಳಿದೆವು.

“ಇಲ್ಲವಲ್ಲ” ಎಂದಳು.

ವಾಚಕ ಮಹಾಶಯರೇ, ಬೀಜ ಬಿತ್ತದ ಹೊಲದಲ್ಲಿ ಫಲ ಬರುವುದುಂಟೆ? ಸಂಸ್ಕೃತದಲ್ಲಿ ‘ಉಚಿತ’ವೆಂದರೆ ತಕ್ಕುದು, ಯೋಗ್ಯವಾದುದು ಎಂದರ್ಥ. ಕನ್ನಡದಲ್ಲಿ ಆ ಶಬ್ದವು ಬೆಲೆಯಿಲ್ಲದೆ ದೊರೆಯುವುದೆಂಬ ಅರ್ಥವನ್ನೂ ತಳೆದಿದೆ. ಬೆಲೆಯಿಲ್ಲದೆ ದೊರೆತುದೆಲ್ಲವೂ ನಮಗೆ ತಕ್ಕುದೆ ಎಂಬುದನ್ನು ಗೃಹಸ್ಥರು ವಿಚಾರಿಸತಕ್ಕದ್ದು.

ಪ್ರಾಮಾಣಿಕವಾದ ಟಿಕೆಟು ಹಂಚಿಕೆಯ ಕ್ರಮ ಸರಳವಾದುದು. ಕಾರ್ಯಕ್ರಮದ ಪ್ರಾಯೋಜಕರೋ ರೇಡಿಯೋದವರೋ ಕೆಲವು ಆಸನಗಳನ್ನು ಮೀಸಲಿಟ್ಟು, ಹೆಸರು ಕೊಡಲು ಕಡೆಯ ದಿನವನ್ನು ಸಾರುತ್ತಾರೆ. ಬಂದ ಹೆಸರುಗಳಲ್ಲಿ ಚೀಟಿ ಎತ್ತುತ್ತಾರೆ, ಇಲ್ಲವೆ ಪ್ರಶ್ನೆಗೆ ಸರಿಯುತ್ತರವಿತ್ತವರನ್ನು ಆರಿಸುತ್ತಾರೆ. 5,000 ಜನ ಹೆಸರು ಕೊಟ್ಟು ಹತ್ತು ಮಂದಿಗೆ ಟಿಕೆಟು ಸಲ್ಲುವುದಾದರೆ, ಐನೂರರಲ್ಲಿ ಒಬ್ಬರಿಗೆ ಮಾತ್ರ ಅದೃಷ್ಟ. ಗೆದ್ದವರು ಗೊತ್ತಾದ ಅವಧಿಯೊಳಗೆ ಒಪ್ಪಿಗೆ ತಿಳಿಸದಿದ್ದರೆ ಟಿಕೆಟು ಮುಂದಿನ ಹೆಸರಿಗೆ ಹೋಗುವುದುಂಟು. ಬಾಗಿಲಲ್ಲಿ ಗುರುತಿನ ಚೀಟಿ ಕೇಳುವುದೂ, ಟಿಕೆಟನ್ನು ಬೇರೆಯವರಿಗೆ ಮಾರಕೂಡದೆಂದು ವಿಧಿಸುವುದೂ ವಾಡಿಕೆ. ಕೆಲವು ಪಾಸುಗಳಲ್ಲಿ ಮೊದಲು ಬಂದವರಿಗೇ ಆಸನ. ತಡವಾದವರು ಪಾಸಿದ್ದರೂ ಹೊರಗೆ ನಿಲ್ಲಬೇಕಾದೀತು.

ಕೊಡುವವರಿಗೆ ಇದರಿಂದ ಲಾಭವೇನೆಂದರೆ, ಪ್ರಚಾರವೂ ನಮ್ಮ ಹೆಸರು, ದೂರವಾಣಿ ಸಂಖ್ಯೆಗಳೂ ದೊರೆಯುತ್ತವೆ. ಆದ ಕಾರಣ ಹೆಸರು ಕೊಡುವ ಮುನ್ನ ನಿಬಂಧನೆಗಳನ್ನು ಓದುವುದು ಲೇಸು.

ಇನ್ನು ಗೆದ್ದವರ ಖರ್ಚು. ಟಿಕೆಟು ಸಭಾಂಗಣದ ಬಾಗಿಲು ದಾಟಿಸೀತೇ ಹೊರತು, ಕುಬಟೂರಿನಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನಲ್ಲ. ಬಸ್ಸಿನ ಛಾರ್ಜು, ಊಟ, ರಾತ್ರಿಯ ವಸತಿ ಎಲ್ಲವೂ ಕೈಯಿಂದಲೇ. ಈ ಲೆಕ್ಕವನ್ನು ಹೆಸರು ಕೊಡುವ ಮೊದಲೇ ಹಾಕತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಇದು: ಬಹುಮಾನ ಕೊಡುತ್ತೇವೆಂದು ಶುಲ್ಕವನ್ನೋ, ಓಟಿಪಿಯನ್ನೋ, ಬ್ಯಾಂಕಿನ ವಿವರವನ್ನೋ ಕೇಳುವವರನ್ನು ನಂಬಲಾಗದು. ಹಣ ಕಳೆದುಕೊಂಡವರು ನಾಚಿ ಸುಮ್ಮನಿರದೆ, ತಡಮಾಡದೆ 1930 ಎಂಬ ಸಹಾಯವಾಣಿಗೆ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಸಂಗೀತ ಕೇಳಲು ಚೀಟಿಯ ಅದೃಷ್ಟವೇ ಬೇಕೆಂದೇನೂ ಇಲ್ಲ. 2024ರ ಮೈಸೂರಿನ ಯುವ ದಸರೆಯಲ್ಲಿ ಮುಂದಿನ ಆಸನಗಳಿಗೆ 8,000 ಮತ್ತು 5,000 ರೂಪಾಯಿ ದರವಿದ್ದರೂ, ಹಿಂದೆ ಜನಸಾಮಾನ್ಯರಿಗೆ ಪ್ರವೇಶ ಮುಕ್ತವಾಗಿತ್ತು. ನಮಗೆ ಸಮೀಪದ ಬನವಾಸಿಯಲ್ಲಿಯೂ ಸರ್ಕಾರವು ಕದಂಬೋತ್ಸವವನ್ನು ನಡೆಸುವಾಗ ಗಾಯನ, ನೃತ್ಯಗಳನ್ನು ಎಲ್ಲರೂ ನೋಡಬಹುದು.

ಇಷ್ಟನ್ನು ಹೇಳಿದಾಗ ಮಗುವಿನ ಮುಖ ಬಾಡಿತು. ತನಗೆ ಬಂದ ಭಾಗ್ಯವನ್ನು ನಾವು ಕಸಿದೆವೆಂದೇ ಅವಳಿಗೆ ತೋರಿರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬನವಾಸಿಗೆ ಕರೆದುಕೊಂಡು ಹೋಗುತ್ತೀರಾ, ಮೇಷ್ಟ್ರಜ್ಜ?” ಎಂದಳು. ಮುಂದಿನ ಉತ್ಸವಕ್ಕೆ ಅವಳ ತಂದೆಯನ್ನೂ ಕೂಡಿಕೊಂಡು ಹೋಗುವುದೆಂದು ಮಾತು ಕೊಟ್ಟಿದ್ದೇವೆ. ಉಚಿತವೆಂಬ ಶಬ್ದದ ಎರಡು ಅರ್ಥಗಳೂ ಅಲ್ಲಿ ಕೂಡಿಬರುವುವು.