ತೊಟ್ಟಿಯಲ್ಲಿ ಎಷ್ಟು ಮೀನು? ತರಗತಿಯಲ್ಲಿ ನಾನು ಕೊಟ್ಟ ತಪ್ಪು ಉತ್ತರ

ಬೋಧನಾಭ್ಯಾಸದ ಎರಡನೆಯ ವಾರ. ಮೂಡಲಗಿ ತಾಲೂಕಿನ ನಾಗನೂರದ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಘಟಕ ಬೋಧಿಸುತ್ತಿದ್ದೆ. ಅವಧಿ ಮುಗಿದ ಮೇಲೆ ಒಬ್ಬ ಹುಡುಗ ಮೇಜಿನ ಹತ್ತಿರ ಬಂದು ಕೇಳಿದ: "ಮೇಡಂರೀ, ನಮ್ಮಪ್ಪ ಮನಿಗೆ ಮೀನಿನ ಗಾಜಿನ ತೊಟ್ಟಿ ತಂದಾನ. ಎಷ್ಟ ಮೀನ ಬಿಡಬೇಕ್ರೀ?"

ತೊಟ್ಟಿಯ ಅಳತೆ ಕೇಳಿದೆ. ಉದ್ದ 60 ಸೆಂ.ಮೀ., ಅಗಲ 30 ಸೆಂ.ಮೀ., ನೀರು ನಿಲ್ಲುವ ಎತ್ತರ 25 ಸೆಂ.ಮೀ. ಗುಣಿಸಿದರೆ 45,000 ಘನ ಸೆಂ.ಮೀ., ಅಂದರೆ 45 ಲೀಟರ್. ಎಲ್ಲೋ ಓದಿದ ಸೂತ್ರ ನೆನಪಿತ್ತು: ಒಂದು ಗ್ಯಾಲನ್‌ಗೆ, ಎಂದರೆ ಸುಮಾರು 4 ಲೀಟರ್ ನೀರಿಗೆ, ಒಂದು ಇಂಚು ಮೀನು. "ಹನ್ನೊಂದು ಇಂಚು ಆಗತೈತಿ. ಎರಡಿಂಚಿನ ಮೀನಾದ್ರ ಐದು ಬಿಡು" ಎಂದೆ.

ಅವನು ಐದು ಗೋಲ್ಡ್‌ಫಿಶ್ ತಂದು ಒಂದೇ ದಿನ ಬಿಟ್ಟ. ಮುಂದಿನ ವಾರ ಬಂದು, "ನೀವು ಹೇಳಿದಷ್ಟ ಬಿಟ್ಟಿದ್ದೆರೀ, ಮೂರ ಸತ್ತುವ್ರೀ" ಎಂದ. ದೂರುವ ದನಿಯಲ್ಲ, ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯುವ ಆಸೆ. ನನ್ನ ಬಳಿ ಉತ್ತರವಿರಲಿಲ್ಲ. "ಓದಿಕೊಂಡು ಹೇಳತೀನಿ" ಎಂದೆ. ಓದಿದಾಗ ತಿಳಿದದ್ದೇನೆಂದರೆ, ನನ್ನ ಗುಣಾಕಾರ ಸರಿಯಿತ್ತು, ಅಳೆದ ವಸ್ತುವೇ ಬೇರೆಯಾಗಿತ್ತು. ಮೀನಿಗೆ ಬೇಕಾದದ್ದು ಬರೀ ಜಾಗವಲ್ಲ. ಉಸಿರಾಡಲು ಆಮ್ಲಜನಕ ಬೇಕು, ಅದು ಬಿಟ್ಟ ಕಲ್ಮಶ ಕರಗಬೇಕು. ಮೀನಿನ ಸಂಖ್ಯೆಯನ್ನು ನಿರ್ಧರಿಸುವುದು ಇವೆರಡು.

ಮೊದಲ ತಪ್ಪು: ಉದ್ದವನ್ನು ಎಣಿಸಿದ್ದು

ಮೀನಿನ ಉದ್ದ ಎರಡು ಪಟ್ಟಾದರೆ ದಪ್ಪವೂ ಎತ್ತರವೂ ಸುಮಾರು ಎರಡು ಪಟ್ಟಾಗುತ್ತವೆ. ಹಾಗಾಗಿ ತೂಕ ಎಂಟು ಪಟ್ಟಾಗುತ್ತದೆ. ಒಂದಿಂಚಿನ ಹತ್ತು ಮೀನು, ಹತ್ತಿಂಚಿನ ಒಂದು ಮೀನು ಎರಡೂ ಸೂತ್ರದ ಪ್ರಕಾರ ಸಮ. ಆದರೆ ಎರಡನೆಯದರ ತೂಕ ಮೊದಲಿನ ಹತ್ತೂ ಮೀನುಗಳ ಒಟ್ಟು ತೂಕದ ನೂರು ಪಟ್ಟು. ಉಸಿರಾಟವೂ ಕಲ್ಮಶವೂ ನೂರು ಪಟ್ಟಾಗದಿದ್ದರೂ ಬಹಳ ಹೆಚ್ಚುತ್ತವೆ. ಇದಲ್ಲದೆ ನಾನು ಎಣಿಸಿದ್ದು ಅಂಗಡಿಯಲ್ಲಿದ್ದ ಮರಿಯ ಉದ್ದ. ಗೋಲ್ಡ್‌ಫಿಶ್ ಬೆಳೆದರೆ 15 ಸೆಂ.ಮೀ. ದಾಟುತ್ತದೆ.

ಎರಡನೆಯ ತಪ್ಪು: ಲೀಟರ್ ಎಣಿಸಿದ್ದು

ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. 60 × 30 ಸೆಂ.ಮೀ. ತೊಟ್ಟಿಯ ಮೇಲ್ಮೈ 1,800 ಚದರ ಸೆಂ.ಮೀ. ಅದೇ 45 ಲೀಟರ್ ನೀರನ್ನು 30 × 30 ಸೆಂ.ಮೀ. ಬುಡದ ಎತ್ತರದ ತೊಟ್ಟಿಗೆ ಸುರಿದರೆ ಮೇಲ್ಮೈ 900ಕ್ಕೆ ಇಳಿಯುತ್ತದೆ. ನೀರು ಅಷ್ಟೇ, ಗಾಳಿಯ ಬಾಗಿಲು ಅರ್ಧ. ಮೀನು ಸಾಕುವ ರೈತರು ಹೊಂಡವನ್ನು ಲೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಹೆಕ್ಟೇರಿನಲ್ಲಿ ಹಾಕುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಮಿಶ್ರ ಸಾಕಣೆಯಲ್ಲಿ ಹೆಕ್ಟೇರಿಗೆ 5,000ದಿಂದ 10,000 ಮರಿ ಬಿಡುವುದು ರೂಢಿ. ಎಂದರೆ ಒಂದು ಚದರ ಮೀಟರಿಗೆ ಹೆಚ್ಚೆಂದರೆ ಒಂದು ಮರಿ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಿ.ಗ್ರಾಂ. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನು ಹೆಚ್ಚು ಉಸಿರಾಡುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಕರೆಂಟ್ ಹೋಗಿ ಗಾಳಿಪಂಪು ನಿಂತಾಗ ತುಂಬಿದ ತೊಟ್ಟಿಗೆ ಅಪಾಯ. ಕೆರೆಗೂ ಇದೇ ನಿಯಮ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ, ಕೊಳಚೆ ಸೇರಿದ ಆ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು.

ಮೂರನೆಯ ತಪ್ಪು: ಕಾಲವನ್ನು ಬಿಟ್ಟದ್ದು

ಹುಡುಗನ ತೊಟ್ಟಿಯಲ್ಲಿ ಗಾಳಿಪಂಪು ಓಡುತ್ತಿತ್ತು. ಹಾಗಾದರೆ ಮೀನು ಸತ್ತದ್ದೇಕೆ? ಉತ್ತರ ನಾನು ಆ ದಿನ ಬೋಧಿಸಿದ ಪಾಠದಲ್ಲೇ ಇತ್ತು: ಸಾರಜನಕ ಚಕ್ರ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಹರಳಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಅವು ಇರಲೇ ಇಲ್ಲ. ಐದು ಮೀನು ಮೊದಲ ದಿನವೇ ಬಂದವು. ನೀರು ಮಬ್ಬಾಯಿತೆಂದು ಮನೆಯವರು ಸ್ಪಂಜು, ಹರಳು ಎಲ್ಲವನ್ನೂ ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದಿದ್ದರು. ಹುಟ್ಟಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವೂ ಹೋಯಿತು. ನೀರನ್ನು ನೋಡದೆ, ವಿಚಾರಿಸಿದ ಮೇಲೆ ನಾನು ಮಾಡಿದ ಅಂದಾಜು ಇದು. ಆದರೆ ನಡೆದದ್ದಕ್ಕೆ ಹೊಂದುತ್ತದೆ.

ಹಾಗಾದರೆ ಎಷ್ಟು?

ಮೇಲ್ಮೈಯಿಂದ ಶುರು ಮಾಡುವ ಹಳೆಯ ಅಂದಾಜೊಂದಿದೆ. ಗಪ್ಪಿಯಂಥ ಸಣ್ಣ ಉಷ್ಣವಲಯದ ಮೀನಿಗೆ ಒಂದು ಸೆಂ.ಮೀ. ಉದ್ದಕ್ಕೆ 30 ಚದರ ಸೆಂ.ಮೀ. ಮೇಲ್ಮೈ, ಗೋಲ್ಡ್‌ಫಿಶ್‌ಗೆ 75 ಚದರ ಸೆಂ.ಮೀ. ಉದ್ದವೆಂದರೆ ಬೆಳೆದ ಮೀನಿನ ಉದ್ದ. ನಮ್ಮ ತೊಟ್ಟಿಗೆ ಹಾಕಿದರೆ:

ಗೋಲ್ಡ್‌ಫಿಶ್: 1,800 ÷ 75 = 24 ಸೆಂ.ಮೀ.; ತಲಾ 15 ಸೆಂ.ಮೀ. ಎಂದರೆ ಒಂದೇ ಮೀನು. ದೊಡ್ಡ ತೊಟ್ಟಿಯಾದರೆ ಅದಕ್ಕೂ ಒಳ್ಳೆಯದು.

ಗಪ್ಪಿ: 1,800 ÷ 30 = 60 ಸೆಂ.ಮೀ.; ತಲಾ 4 ಸೆಂ.ಮೀ. ಎಂದರೆ 15 ಮೀನು.

ಇದು ಮೇಲಿನ ಮಿತಿ, ಗುರಿಯಲ್ಲ. ಮೊದಲು ಮೂರೋ ನಾಲ್ಕೋ ಬಿಟ್ಟು, ಆರು ವಾರ ಕಾದು, ಆಮೇಲೆ ಒಂದೆರಡರಂತೆ ಸೇರಿಸಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಗಪ್ಪಿ ತಿಂಗಳಿಗೊಮ್ಮೆ ಮರಿ ಹಾಕುವುದರಿಂದ ಗಂಡು ಮೀನುಗಳನ್ನಷ್ಟೇ ಇಟ್ಟರೆ ಲೆಕ್ಕ ಲೆಕ್ಕವಾಗಿ ಉಳಿಯುತ್ತದೆ. ಹೆಚ್ಚಾದ ಮೀನನ್ನು ಕಾಲುವೆಗೋ ಹೊಳೆಗೋ ಬಿಡಬಾರದು. ಅವು ಅಲ್ಲಿಯ ಮೀನುಗಳಲ್ಲ.

ಮರುದಿನದ ಪಾಠ

ಮರುದಿನ ತರಗತಿಯಲ್ಲಿ "ನಾನು ಹೇಳಿದ್ದು ತಪ್ಪಾಗಿತ್ತು" ಎಂದು ಹೇಳಿಯೇ ಶುರು ಮಾಡಿದೆ. ನಾಲಿಗೆ ತಡವರಿಸಿತು. ತರಗತಿ ಗದ್ದಲವಾಗಬಹುದೆಂಬ ಭಯವಿತ್ತು, ಆಗಲಿಲ್ಲ. ಎರಡು ತೊಟ್ಟಿಗಳ ಚಿತ್ರ ಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ಮೇಲ್ಮೈ ಲೆಕ್ಕ ಹಾಕಿಸಿದೆ. ಆಗ ಒಬ್ಬಳು, "ಅಂಗಡ್ಯಾಗ ಫೈಟರ್ ಮೀನ ಸಣ್ಣ ಬಾಟ್ಲ್ಯಾಗ ಬದುಕತೈತೆಲ್ರೀ?" ಎಂದಳು. ಆ ಮೀನು ಮೇಲೆ ಬಂದು ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲದು. ಆದರೆ ಅಮೋನಿಯಾ ಅದನ್ನೂ ಬಿಡುವುದಿಲ್ಲ. ನನ್ನ ಮೊದಲ ಪಾಠಯೋಜನೆಯಲ್ಲಿ ಸಾರಜನಕ ಚಕ್ರ ಬಾಣಗಳ ಚಿತ್ರವಷ್ಟೇ ಆಗಿತ್ತು. ಆ ದಿನ ಪ್ರತಿ ಬಾಣಕ್ಕೂ ಮಕ್ಕಳು ಕಾರಣ ಕೇಳಿದರು.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ಮಕ್ಕಳಿಗೆ ಸೂತ್ರ ಕೊಡುವ ಮೊದಲು ಅದು ಏನನ್ನು ಅಳೆಯುತ್ತದೆ, ಏನನ್ನು ಬಿಡುತ್ತದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಮ್ಮ ಉತ್ತರವನ್ನು ಮಕ್ಕಳು ನಂಬಿ ಮನೆಗೆ ಒಯ್ಯುತ್ತಾರೆ. ಇದನ್ನು ಜೀವಂತ ಮೀನಿನ ಮೇಲೆ ಪ್ರಯೋಗ ಮಾಡಿ ತೋರಿಸುವುದೂ ಬೇಡ; ಅಳತೆಪಟ್ಟಿ, ಹಲಗೆ ಸಾಕು.

ಉಳಿದ ಎರಡು ಗೋಲ್ಡ್‌ಫಿಶ್‌ಗಳು ಈಗ ಹುಡುಗನ ಸೋದರಮಾವನ ಮನೆಯ ದೊಡ್ಡ ಸಿಮೆಂಟ್ ತೊಟ್ಟಿಯಲ್ಲಿವೆ. ಅವನ ಗಾಜಿನ ತೊಟ್ಟಿಯಲ್ಲಿ ನಾಲ್ಕು ಗಪ್ಪಿ. ಕೊನೆಯ ದಿನ ಅವನು ಹೇಳಿದ: "ಅಂಗಡ್ಯಾಂವಗ ನಾ ಎಷ್ಟ ಬಿಡಬೇಕು ಅಂತ ಕೇಳ್ಲಿಲ್ರೀ. ಎಷ್ಟ ದೊಡ್ಡವು ಆಗ್ತಾವು ಅಂತ ಕೇಳ್ದೆ."