ಸೋತ ದಿನ ಮುಂದೆ ನಿಲ್ಲುವವನೇ ನಾಯಕ

ಕಿತ್ತೂರಿನ ಹತ್ತಿರದ ದೇಗಾಂವಕ್ಕೆ ಹೋದವರು ಅಲ್ಲಿನ ಕಮಲನಾರಾಯಣ ಗುಡಿಯ ಕಲ್ಲಿನ ಕೆತ್ತನೆ ಕಂಡು ಬೆರಗಾಗದೆ ಇರಲಾರರು. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಕಲ್ಲಿನ ಕೆಲಸದಲ್ಲಿ ಒಂದು ಕಷ್ಟವಿದೆ. ಒಮ್ಮೆ ಚಕ್ಕೆ ಎದ್ದರೆ ಮತ್ತೆ ಅಂಟಿಸಲಾಗದು. ಹಾಗಾದರೆ ಕೈಕೆಳಗಿನವನ ಉಳಿ ತಪ್ಪಿದಾಗ ಮುಖ್ಯಸ್ಥನಾದವನು ಏನು ಮಾಡಬೇಕು? ಹಾಳಾದ ಕಲ್ಲಿನ ಜೊತೆಗೆ ಕೆಲಸಗಾರನನ್ನೂ ಆಚೆಗೆ ಎಸೆಯಬೇಕೇ?

ಈ ಪ್ರಶ್ನೆ ಇಂದು ನಿಮ್ಮದೂ ಆಗಿರಬಹುದು. ನೀವು ಹತ್ತಿ ಮಿಲ್ಲಿನ ಸೂಪರ್‌ವೈಸರ್ ಇರಬಹುದು, ಶಾಲೆಯ ಮುಖ್ಯೋಪಾಧ್ಯಾಯಿನಿ ಇರಬಹುದು, ನಾಲ್ಕು ಹುಡುಗರನ್ನು ಇಟ್ಟುಕೊಂಡ ಗ್ಯಾರೇಜಿನ ಮಾಲೀಕರಿರಬಹುದು. ಕೆಲಸ ಸುಸೂತ್ರವಾಗಿ ನಡೆಯುವಾಗ ಯಾರು ಬೇಕಾದರೂ ನಾಯಕರಾಗಿರಬಹುದು. ಗೆದ್ದೆತ್ತಿನ ಬಾಲ ಹಿಡಿಯಲು ಜನ ಸಾಲುಗಟ್ಟುತ್ತಾರೆ. ಸೋತ ದಿನ ಮುಂದೆ ಬಂದು ನಿಲ್ಲುವವರು ಎಷ್ಟು ಮಂದಿ?

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರನ್ನು ನಾವು ರಾಷ್ಟ್ರಪತಿಯಾಗಿ, ವಿಜ್ಞಾನಿಯಾಗಿ ನೆನೆಯುತ್ತೇವೆ. ಅವರು ಕಂಡ ಸೋಲುಗಳು ನಮಗೆ ಅಷ್ಟಾಗಿ ನೆನಪಿಲ್ಲ. ಅಂಥ ಒಂದು ದೊಡ್ಡ ನಿರಾಸೆ ಎದುರಾದದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿನ ರಕ್ಷಣಾ ಸಂಸ್ಥೆಯೊಂದರಲ್ಲಿ ಯುವ ಕಲಾಂ ಮತ್ತು ಅವರ ಸಣ್ಣ ತಂಡ ನೆಲದಿಂದ ತುಸು ಮೇಲೆ ತೇಲಿ ಚಲಿಸುವ ಹೋವರ್‌ಕ್ರಾಫ್ಟ್ ವಾಹನವನ್ನು ತಯಾರಿಸಿತ್ತು. ಅದಕ್ಕೆ ‘ನಂದಿ’ ಎಂದು ಹೆಸರಿಟ್ಟಿದ್ದರು. ರಕ್ಷಣಾ ಸಚಿವರಾಗಿದ್ದ ವಿ.ಕೆ. ಕೃಷ್ಣ ಮೆನನ್ ಅವರೇ ಅದರಲ್ಲಿ ಕುಳಿತು ಸವಾರಿ ಮಾಡಿದ್ದರು. ಆದರೆ 1962ರಲ್ಲಿ ಮೆನನ್ ಅಧಿಕಾರದಿಂದ ಇಳಿದರು. ಅವರಿಗಿದ್ದ ಉತ್ಸಾಹ ಉಳಿದವರಿಗೆ ಇರಲಿಲ್ಲ, ಯೋಜನೆ ಮೂಲೆಗೆ ಬಿತ್ತು. ದುಡಿದವರ ತಪ್ಪೇನೂ ಇಲ್ಲದೆಯೂ ದುಡಿಮೆ ವ್ಯರ್ಥವಾಗಬಹುದು ಎಂಬುದು ಅಲ್ಲಿನ ಪಾಠ.

ಮತ್ತೊಂದು ಪೆಟ್ಟು ಇನ್ನೂ ದೊಡ್ಡದು. ಎಸ್‌ಎಲ್‌ವಿ-3 ರಾಕೆಟ್ ಯೋಜನೆಗೆ ಕಲಾಂ ನಿರ್ದೇಶಕರಾಗಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಅದು ಮೇಲೆದ್ದಿತು. ಮೊದಲ ಹಂತ ಸರಿಯಾಗಿ ಕೆಲಸ ಮಾಡಿತು. ಎರಡನೆಯ ಹಂತದಲ್ಲಿ ಹಿಡಿತ ತಪ್ಪಿತು. 317 ಸೆಕೆಂಡುಗಳಲ್ಲಿ ವರ್ಷಾನುಗಟ್ಟಲೆಯ ಶ್ರಮ ಬಂಗಾಳ ಕೊಲ್ಲಿಗೆ ಬಿದ್ದಿತ್ತು. ಹಾರಾಟಕ್ಕೆ ಮುಂಚೆಯೇ ಕಂಪ್ಯೂಟರ್ ತಡೆ ಒಡ್ಡಿತ್ತು. ತೊಂದರೆಯಾಗದು ಎಂದು ತಜ್ಞರು ಹೇಳಿದ್ದರಿಂದ ಮುಂದುವರಿಯುವ ತೀರ್ಮಾನ ಕೈಗೊಂಡವರು ಸ್ವತಃ ಕಲಾಂ.

ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಪ್ರೊ. ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಪತ್ರಕರ್ತರು ಪ್ರಶ್ನೆಗಳ ಬಾಣ ಹಿಡಿದು ಕಾದಿದ್ದರು. ಧವನ್ ಕಲಾಂ ಅವರನ್ನು ಮುಂದಕ್ಕೆ ದೂಡಲಿಲ್ಲ. ತಾವೇ ಉತ್ತರಿಸಿದರು. ಹೊಣೆಯನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ತಮ್ಮ ತಂಡದ ಮೇಲೆ ಪೂರ್ತಿ ನಂಬಿಕೆಯಿದೆ ಎಂದು ಸಾರಿದರು. ಮರುವರ್ಷ, 1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಧವನ್ ಹಿಂದೆ ಸರಿದರು. ಪತ್ರಕರ್ತರ ಎದುರು ಮಾತಾಡಲು ಕಲಾಂ ಅವರನ್ನೇ ಕಳುಹಿಸಿದರು.

ಆ ದಿನ ಕಲಿತ ಪಾಠವನ್ನು ಕಲಾಂ ಜೀವನದುದ್ದಕ್ಕೂ ಊರೂರಿನ ಯುವಕರಿಗೆ ಹೇಳುತ್ತಾ ಬಂದರು. ಸೋಲು ಬಂದಾಗ ಅದನ್ನು ನಾಯಕ ಹೊರಬೇಕು, ಗೆಲುವು ಬಂದಾಗ ಅದನ್ನು ತಂಡಕ್ಕೆ ಕೊಡಬೇಕು.

ಹಾಗೆಂದು ತಪ್ಪನ್ನು ಮುಚ್ಚಿಹಾಕಬೇಕೆಂದು ಇದರ ಅರ್ಥವಲ್ಲ. 1979ರ ಸೋಲಿನ ಬಳಿಕ ಕೂಲಂಕಷ ತನಿಖೆ ನಡೆಯಿತು. ಒಂದು ವಾಲ್ವಿನಲ್ಲಿ ಕಸ ಸೇರಿ ಅದು ಮುಚ್ಚಿಕೊಳ್ಳದೆ ಉಳಿದಿತ್ತು, ಅಲ್ಲಿಂದ ಆಮ್ಲ ಸೋರಿಹೋಗಿತ್ತು ಎಂದು ಗೊತ್ತಾಯಿತು. ಹಾರಾಟವನ್ನು ನಿಲ್ಲಿಸಬೇಕಿತ್ತು ಎಂದು ಕಲಾಂ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡರು. ತನ್ನನ್ನು ಕೈಬಿಡುವುದಿಲ್ಲ ಎಂಬ ಭರವಸೆ ಇದ್ದಲ್ಲಿ ಮನುಷ್ಯನಿಗೆ ಸತ್ಯ ಹೇಳುವ ಧೈರ್ಯ ಬರುತ್ತದೆ. ಬೈಗುಳಕ್ಕೆ ಹೆದರಿದವನು ವಾಲ್ವಿನ ಕಸವನ್ನು ಕಂಡರೂ ಬಾಯಿ ಬಿಡಲಾರ. ಇಂದು ಅವನು ಅಡಗಿಸಿಟ್ಟ ಸಣ್ಣ ತಪ್ಪು ನಾಳೆ ನಿಮ್ಮ ಇಡೀ ಕೆಲಸವನ್ನೇ ಮುಳುಗಿಸಬಹುದು.

ಆದ್ದರಿಂದ ನಿಮ್ಮ ಕೈಕೆಳಗಿನವರಿಂದ ಕೆಲಸ ಕೆಟ್ಟಾಗ ಕೆಲವು ಸಂಗತಿಗಳನ್ನು ನೆನಪಿಡಿ. ಯಂತ್ರ ಮುರಿದಿದ್ದರೆ ಯಾರಿಗಾದರೂ ಗಾಯವಾಯಿತೇ ಎಂದು ಮೊದಲು ಕೇಳಿ, ಯಂತ್ರದ ಬೆಲೆ ಆಮೇಲೆ. ‘ಯಾರು ಮಾಡಿದ್ದು?’ ಎನ್ನುವ ಮೊದಲು ‘ಏನಾಯಿತು?’ ಎಂದು ವಿಚಾರಿಸಿ. ತಿದ್ದಬೇಕಾದವರನ್ನು ಒಳಗೆ ಕರೆದು ತಿದ್ದಿ, ನಾಲ್ಕು ಜನರ ಎದುರು ಅವರ ಮಾನ ಕಳೆಯಬೇಡಿ. ಮೇಲಿನವರು ಲೆಕ್ಕ ಕೇಳಿದಾಗ ‘ಅವನು’ ಎಂದು ಬೆರಳು ತೋರಿಸದೆ ‘ನಾವು’ ಎನ್ನಿ. ಬುದ್ಧಿ ಹೇಳಿದ ಮೇಲೂ ಮತ್ತೆ ಮತ್ತೆ ಉಡಾಫೆ ಮಾಡುವವರ ಮೇಲೆ ಕ್ರಮ ಕೈಗೊಳ್ಳಲೇಬೇಕು. ಆದರೆ ಪ್ರಯತ್ನಿಸಿ ಎಡವಿದವನನ್ನೂ ಪ್ರಯತ್ನವನ್ನೇ ಮಾಡದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸಹೋದರಿಯರೇ, ಮನೆಗೂ ಈ ಮಾತು ಸಲ್ಲುತ್ತದೆ. ಕೆಲಸದಲ್ಲಿ ಪೆಟ್ಟು ತಿಂದು ಬಂದ ಪತಿಗೆ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಮಗಳಿಗೆ ಆ ಸಂಜೆ ಬೇಕಾಗುವುದು ಬುದ್ಧಿವಾದವಲ್ಲ. ಮೊದಲು ಒಂದು ಲೋಟ ಚಹಾ ಕೊಡಿ. ಲೆಕ್ಕಾಚಾರ ಮರುದಿನಕ್ಕಿರಲಿ.

ಧವನ್ 2002ರಲ್ಲಿ, ಕಲಾಂ 2015ರಲ್ಲಿ ನಮ್ಮನ್ನಗಲಿದರು. ಶ್ರೀಹರಿಕೋಟಾದ ಕೇಂದ್ರ ಇಂದು ಸತೀಶ್ ಧವನ್ ಅವರ ಹೆಸರನ್ನು ಹೊತ್ತಿದೆ. ನಮ್ಮ ಹೆಸರನ್ನು ಯಾವ ಕೇಂದ್ರಕ್ಕೂ ಇಡಲಿಕ್ಕಿಲ್ಲ. ಆದರೆ ‘ನಾನು ಬಿದ್ದ ದಿನ ಅವರು ನನ್ನ ಕೈ ಬಿಡಲಿಲ್ಲ’ ಎಂದು ನಮ್ಮ ಜೊತೆ ದುಡಿದ ಒಬ್ಬರಾದರೂ ನೆನೆದರೆ ಅದೇನು ಕಡಿಮೆ ಗೌರವವೇ?