ಗಗನದ ಕೊಕ್ಕೆ

ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಬಳೆಯು ನೆಲದಿಂದ 305 ಸೆಂಟಿಮೀಟರ್ ಎತ್ತರದಲ್ಲಿರುವುದು. 218 ಸೆಂಟಿಮೀಟರ್ ಎತ್ತರದ ಯುವಕನಿಗೆ ಚೆಂಡನ್ನು ಎಸೆಯುವ ಅಗತ್ಯವೇನು? ನೆಗೆದು ಮೇಲಿನಿಂದ ತುರುಕಿದರೆ ಸಾಕು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲ್ಯೂ ಆಲ್ಸಿಂಡರನು ಹಾಗೆಯೇ ಮಾಡುತ್ತಿದ್ದನು. 1966–67ರಲ್ಲಿ ಆತನ ತಂಡವು 30 ಪಂದ್ಯಗಳನ್ನಾಡಿ ಮೂವತ್ತನ್ನೂ ಗೆದ್ದಿತು. 1967ರಲ್ಲಿಯೇ ಕಾಲೇಜು ಆಟದ ನಿಯಮ ಸಮಿತಿಯು ತುರುಕುವುದನ್ನು ನಿಷೇಧಿಸಿತು.

ಆತನು ಎದೆಗುಂದಲಿಲ್ಲ; ಬಾಲ್ಯದಲ್ಲಿ ಕಲಿತಿದ್ದ ಕೊಕ್ಕೆ ಎಸೆತವನ್ನೇ ಸಾಣೆ ಹಿಡಿದನು. ಅದರ ಮರ್ಮವು ಸರಳವಾದುದು. ಆಟಗಾರನು ಬುಟ್ಟಿಗೆ ಪಾರ್ಶ್ವವಾಗಿ ನಿಲ್ಲುವನು. ಎದುರಾಳಿಗೂ ಚೆಂಡಿಗೂ ನಡುವೆ ಆತನ ಮೈಯೇ ಗೋಡೆ. ಆಚೆಯ ತೋಳು ನೀಳವಾಗಿ ಮೇಲೆದ್ದು, ಮಣಿಕಟ್ಟು ಬಾಗಿ, ಚೆಂಡನ್ನು ಬಿಡುವುದು. ಅಷ್ಟೆತ್ತರದಿಂದ ಹೊರಟ ಚೆಂಡು ಕಡಮೆ ವೇಗದಿಂದಲೇ ಕಮಾನಾಗಿ ಏರಿ ಕಡಿದಾಗಿ ಇಳಿಯಬಲ್ಲುದು. ಇಳಿತವು ಕಡಿದಾದಷ್ಟೂ ಬಳೆಯ ಬಾಯಿ ಚೆಂಡಿಗೆ ಅಗಲವಾಗಿ ತೆರೆಯುವುದು.

1968ರ ಜನವರಿಯಲ್ಲಿ, ಕಣ್ಣಿನ ಪಾರದರ್ಶಕ ಪಟಲಕ್ಕೆ ಗಾಯವಾದ ಕೆಲವೇ ದಿನಗಳಲ್ಲಿ, ಆತನ ತಂಡವು ಹ್ಯೂಸ್ಟನ್ನಿಗೆ 69–71ರಿಂದ ಸೋತಿತು. ಮಾರ್ಚಿಯಲ್ಲಿ ಅದೇ ಹ್ಯೂಸ್ಟನ್ನನ್ನು 101–69ರಿಂದ ಮಣಿಸಿತು. ಮೂರು ವರ್ಷಗಳ ಲೆಕ್ಕವಿದು: 88 ಗೆಲವು, 2 ಸೋಲು, ಮೂರು ರಾಷ್ಟ್ರೀಯ ಪ್ರಶಸ್ತಿಗಳು. 1971ರಲ್ಲಿ ಕರೀಮ್ ಅಬ್ದುಲ್-ಜಬ್ಬಾರ್ ಎಂಬ ಹೆಸರು ತಳೆದ ಆತನು, 1989ರಲ್ಲಿ ನಿವೃತ್ತನಾಗುವಾಗ ವೃತ್ತಿ ಆಟದಲ್ಲಿ 38,387 ಅಂಕಗಳನ್ನು ಗಳಿಸಿದ್ದನು. ಆ ದಾಖಲೆಯು 2023ರವರೆಗೆ ಅಳಿಯಲಿಲ್ಲ.

ನಿಷೇಧವು 1976ರಲ್ಲಿ ತೆರವಾಯಿತು. ಎತ್ತರವು ಹುಟ್ಟಿನಿಂದ ಬಂದುದು, ಕೊಕ್ಕೆಯು ಅಭ್ಯಾಸದಿಂದ. ನಿಯಮವು ಮೊದಲನೆಯದನ್ನು ಕಟ್ಟಿಹಾಕಬಲ್ಲುದಾಗಿತ್ತು, ಎರಡನೆಯದನ್ನಲ್ಲ.